ಐದು ಷೇರುಗಳ ಮನೆ

ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಗಾಡಿಗಳು ನಿಧಾನ. ಗುಡ್ಡದ ಮಣ್ಣು ಎಲ್ಲಿ ಹಳಿಯ ಮೇಲೆ ಜಾರೀತೋ ಎಂದು ಜೂನ್‌ನಿಂದಲೇ ವೇಗ ತಗ್ಗಿಸಿ, ವೇಳಾಪಟ್ಟಿಯನ್ನೇ ಬದಲಿಸುತ್ತಾರೆ. ಕುಂದಾಪುರದಲ್ಲಿ ಮತ್ಸ್ಯಗಂಧಾ ಹತ್ತಿದವನು ಠಾಣೆಯಲ್ಲಿ ಇಳಿಯುವಾಗ ಬೆಳಗು ಹರಿದು ಬಹಳ ಹೊತ್ತಾಗಿತ್ತು. ಕೈಯಲ್ಲಿ ಒಂದು ಬ್ಯಾಗು, ಬ್ಯಾಗಿನಲ್ಲಿ ಓದುವ ಕನ್ನಡಕ, ಒಂದು ಅಳತೆ ಟೇಪು, ಮಗಳಿಗೆಂದು ಹೆಂಡತಿ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿ.

"ಅಪ್ಪಯ್ಯ, ನೀವ್ ಒಂದ್ಸಲ ಬಂದ್ ಕಾಣಿ. ಕಾಗದಪತ್ರ ಎಲ್ಲ ನಮ್ಗ್ ಗೊತ್ತಾತಿಲ್ಲೆ" ಎಂದು ಮುಂಬಯಿಯಲ್ಲಿ ಮನೆ ಹುಡುಕುತ್ತಿದ್ದ ಮಗಳು ಫೋನಿನಲ್ಲಿ ಹೇಳಿದ್ದಳು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಗೃಹಸಾಲದ ಕಡತಗಳನ್ನು ತಿರುವಿ ಹಾಕಿದವನು ನಾನು. ಊರಿನ ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಇವೆಲ್ಲ ನನಗೆ ಪಂಚಾಂಗವಿದ್ದಂತೆ. ಹಾಗಾಗಿ ಒಪ್ಪಿಕೊಂಡೆ. ಆಸಾಡಿಯಲ್ಲಿ ಯಾರಾದರೂ ಮನೆ ನೋಡಲು ಹೊರಡುತ್ತಾರೆಯೇ ಎಂದು ಹೆಂಡತಿ ಆಕ್ಷೇಪಿಸಿದಳು. ನೋಡುವುದಷ್ಟೇ, ಕೊಳ್ಳುವುದು ಚೌತಿ ಕಳೆದ ಮೇಲೆ ಎಂದು ಸಮಾಧಾನ ಹೇಳಿದೆ. ನಿಜ ಹೇಳಬೇಕೆಂದರೆ ನಾನು ಬೇಕೆಂದೇ ಆ ತಿಂಗಳನ್ನು ಆರಿಸಿಕೊಂಡಿದ್ದೆ. ಕರಾವಳಿಯಲ್ಲಿ ಮನೆಯ ಗುಣ ತಿಳಿಯುವುದು ಮಳೆಗಾಲದಲ್ಲಿ. ನಮ್ಮಲ್ಲಿ ಹಾಗಿದ್ದ ಮೇಲೆ ಸಮುದ್ರವನ್ನು ತುಂಬಿ ಕಟ್ಟಿದ ಊರಿನಲ್ಲಿ ಹಾಗಿರದೆ ಹೇಗೆ?

ಮುಂಬಯಿ ಮೂಲತಃ ಏಳು ದ್ವೀಪ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಮದುವೆಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಸಂದದ್ದು. ಏಳು ವರ್ಷಗಳ ಬಳಿಕ ಆತ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ದ್ವೀಪಗಳ ನಡುವಿನ ಉಪ್ಪುನೀರನ್ನು ಮಣ್ಣು ತುಂಬಿ ಹಿಂದೆ ಸರಿಸುತ್ತ, ಸರಿಸುತ್ತ ಈ ಊರು ಬೆಳೆಯಿತು. ನೀರಿಗೆ ಆ ಹಳೆಯ ದಾರಿಯ ನೆನಪು ಹೋಗಿಲ್ಲ. ಇದನ್ನು ನಾನು ಆ ಹತ್ತು ದಿನಗಳಲ್ಲಿ ಕಣ್ಣಾರೆ ಕಂಡೆ.

ಮಗಳು ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಅಳಿಯ ಬೈಂದೂರಿನವನು, ವಿಕ್ರೋಲಿಯಲ್ಲಿ ಕೆಲಸ. ಭಾಂಡುಪ್‌ನಲ್ಲಿ ಬಾಡಿಗೆ ಮನೆ. ಮುಂಬಯಿಯ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಹನ್ನೊಂದು ತಿಂಗಳು ಮುಗಿಯಿತೆಂದರೆ ಬಾಡಿಗೆ ಏರುತ್ತದೆ, ಇಲ್ಲವೇ ಮಾಲೀಕನ ಮಗನ ಮದುವೆ ನಿಶ್ಚಯವಾಗುತ್ತದೆ. ಆರು ವರ್ಷದಲ್ಲಿ ನಾಲ್ಕು ಮನೆ ಬದಲಾಗಿತ್ತು. ಗೋಡೆಗೆ ಮೊಳೆ ಹೊಡೆಯಬಾರದೆಂಬ ಕರಾರು ಇದ್ದುದರಿಂದ ನಮ್ಮ ಮನೆದೇವರ ಫೋಟೋ ಫ್ರಿಜ್ಜಿನ ಮೇಲೆ ಒರಗಿಕೊಂಡಿತ್ತು. ನಾಲ್ಕು ವರ್ಷದ ಮೊಮ್ಮಗ ತನ್ನ ಆಟದ ಸಾಮಾನನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ. ಕಪಾಟಿನಲ್ಲಿ ಜಾಗ ಇದೆಯಲ್ಲ ಎಂದು ಕೇಳಿದರೆ, "ಮತ್ತೆ ಪ್ಯಾಕ್ ಮಾಡ್ಬೇಕಲ್ಲ ಅಜ್ಜ" ಎಂದ. ಆ ಮಾತಿಗೆ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲು ಹೋದದ್ದು ಮಾಟುಂಗಾಕ್ಕೆ. ಕೊಳ್ಳುವ ಶಕ್ತಿ ಇತ್ತೆಂದಲ್ಲ, ನನಗೆ ನೋಡಬೇಕಿತ್ತು. ನನ್ನ ದೊಡ್ಡಣ್ಣ ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಬಂದು ಸೇರಿದ್ದು ಇಲ್ಲಿಯ ಒಂದು ಹೋಟೆಲಿಗೆ. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಹೋಟೆಲು ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೆ ಮಲಗುತ್ತಿದ್ದನಂತೆ. ಹಾಗೆ ಮೇಜಿನ ಮೇಲೆ ಮಲಗಿ ಮೆಟ್ರಿಕ್ ಮುಗಿಸಿದ ಹುಡುಗರು ಉಡುಪಿ, ಕುಂದಾಪುರದ ಮನೆಮನೆಯಲ್ಲೂ ಒಬ್ಬೊಬ್ಬರಿದ್ದಾರು. ನಮ್ಮ ಮನೆಯ ಹಂಚಿನ ಮಾಡು, ನನ್ನ ಕಾಲೇಜಿನ ಫೀಸು ಎಲ್ಲ ಆ ಮೇಜಿನಿಂದ ಬಂದದ್ದು. ಮೂವತ್ತೆಂಟು ವರ್ಷ ಈ ಊರಲ್ಲಿದ್ದೂ ಅವನಿಗೆ ಸ್ವಂತ ಮನೆ ಆಗಲಿಲ್ಲ. ವಡಾಲಾದ ಒಂದು ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ಕಟ್ಟಡದಲ್ಲಿ, ಒಂದು ಖೋಲಿಯಲ್ಲೇ ಕಾಲ ಕಳೆದ.

ಮಾಟುಂಗಾ ಪೂರ್ವದ ಬೀದಿಗಳು ಈಗಲೂ ಮರದ ನೆರಳಿನವು. ಬೆಳಿಗ್ಗೆ ಹೂವಿನಂಗಡಿ, ಬಾಳೆಎಲೆ, ಫಿಲ್ಟರ್ ಕಾಫಿಯ ಪರಿಮಳ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. ರೈಲು ನಿಲ್ದಾಣದ ಎದುರಿಗೆ 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಎಲೆಯ ಮೇಲೆ ಊಟ ಮಾಡಿದೆವು. ಈ ಬಡಾವಣೆ ಹುಟ್ಟಿದ್ದು ಪ್ಲೇಗಿನಿಂದ. 1896ರಲ್ಲಿ ಪಿಡುಗು ಬಂದಾಗ ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಹುಳಗಳಂತೆ ಸತ್ತರು. ಎರಡು ವರ್ಷದ ಬಳಿಕ ಸರಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಊರಿನ ಉತ್ತರಕ್ಕಿದ್ದ ಗದ್ದೆ, ಜೌಗು ನೆಲದಲ್ಲಿ ಅಗಲ ರಸ್ತೆ, ಉದ್ಯಾನಗಳಿರುವ ದಾದರ್-ಮಾಟುಂಗಾ ಯೋಜನೆಯನ್ನು ರೂಪಿಸಿದ್ದು ಅದೇ ಟ್ರಸ್ಟ್.

ಅಲ್ಲಿ ನಮ್ಮ ಕೈಗೆಟುಕುವ ಬೆಲೆಗೆ ಸಿಗುವುದು ಪಗಡಿ ಮನೆಯೊಂದೇ ಎಂದ ಏಜೆಂಟ್. ಪಗಡಿ ಎಂದರೆ ಏನೆಂದು ಮಗಳಿಗೆ ಬಿಡಿಸಿ ಹೇಳಬೇಕಾಯಿತು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಯಿಂದ ಏನೂ ಗಿಟ್ಟದ ಮಾಲೀಕ, ಒಳಬರುವವನಿಂದ ಒಂದು ದೊಡ್ಡ ಗಂಟನ್ನು ಕೈಯಲ್ಲಿ ಪಡೆಯತೊಡಗಿದ. ಬಾಡಿಗೆದಾರ ಬಿಟ್ಟು ಹೋಗುವಾಗ ಮುಂದಿನವನಿಂದ ತಾನೂ ಪಡೆದು, ಮಾಲೀಕನಿಗೆ ಪಾಲು ಕೊಡುತ್ತಿದ್ದ. 1999ರ ಕಾಯ್ದೆ ಈ ವ್ಯವಹಾರವನ್ನು ಸಕ್ರಮ ಮಾಡಿತು. ಈಗಲೂ ಇಂಥ ಮನೆಗೆ ತಿಂಗಳ ಬಾಡಿಗೆ ನೂರಿನ್ನೂರು ರೂಪಾಯಿ ಇರುವುದುಂಟು. ಆದರೆ ಕೊಟ್ಟ ಲಕ್ಷಗಳಿಗೆ ಸಿಗುವುದು ಬಾಡಿಗೆದಾರನ ಹಕ್ಕು ಮಾತ್ರ. ಬ್ಯಾಂಕು ಅದಕ್ಕೆ ಸಾಲ ಕೊಡುವುದಿಲ್ಲ. ನಾವು ನೋಡಿದ ಮನೆಯ ತೊಲೆಗೆ ಕಬ್ಬಿಣದ ಆಧಾರ ಕೊಟ್ಟಿದ್ದರು. ನೋಡಿ, ಕೈಮುಗಿದು ಬಂದೆವು.

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ನಾನೊಬ್ಬನೇ ಗ್ರಾಂಟ್ ರೋಡಿಗೆ ಟಿಕೆಟು ತೆಗೆದೆ. ಮನೆ ನೋಡಲಿಕ್ಕಲ್ಲ, ಒಂದು ಹಳೆಯ ಋಣದ ನೆನಪಿಗೆ. ಬ್ಯಾಂಕಿನ ತರಬೇತಿಯಲ್ಲಿ ಸಹಕಾರಿ ಗೃಹ ಸಂಘಗಳ ಪಾಠ ಬಂದಾಗ ರಾವ್ ಬಹದ್ದೂರ್ ಎಸ್. ಎಸ್. ತಲ್ಮಕಿ ಎಂಬ ಹೆಸರು ಕೇಳಿದ್ದೆ. ನಮ್ಮ ಕರಾವಳಿಯಿಂದ ಹೋದ ಚಿತ್ರಾಪುರ ಸಾರಸ್ವತರಲ್ಲಿ ಒಬ್ಬರು. ಶಿರಾಲಿಯ ಮಠದ ಶಿಷ್ಯರಾದ ಈ ಸಮುದಾಯದವರು ಗುಮಾಸ್ತರಾಗಿ, ಶಿಕ್ಷಕರಾಗಿ ಮುಂಬಯಿಗೆ ಬಂದರು. ಸಂಬಳ ಬರುತ್ತಿತ್ತು, ಮರ್ಯಾದೆಯ ಮನೆ ಸಿಗುತ್ತಿರಲಿಲ್ಲ. ಒಬ್ಬೊಬ್ಬರಿಂದ ಆಗದ್ದನ್ನು ಎಲ್ಲರೂ ಸೇರಿ ಮಾಡೋಣವೆಂದು ತಲ್ಮಕಿಯವರು ಹಟ ಹಿಡಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಮುಂಬಯಿಯಲ್ಲಿ ಇಂಥ ಸಂಘ ಅದೇ ಮೊದಲು. ನೆಲ ಸಂಘದ್ದು, ಕಟ್ಟಡ ಸಂಘದ್ದು, ಸಂಘ ಸದಸ್ಯರದ್ದು. ಇವತ್ತು ಮುಂಬಯಿಯಲ್ಲಿ ಫ್ಲ್ಯಾಟ್ ಎಂದರೆ 'ಸೊಸೈಟಿ' ಎಂಬ ಮಾತು ಜೊತೆಗೇ ಬರುತ್ತದಲ್ಲ, ಆ ರೂಢಿಯ ಬೇರು ಇಲ್ಲಿದೆ.

ಗಾಂಧೀಜಿ ಇಳಿದುಕೊಳ್ಳುತ್ತಿದ್ದ ಮಣಿಭವನ ಅಲ್ಲಿಗೆ ಹತ್ತಿರ. ಅದನ್ನು ನೋಡಿಕೊಂಡು ತಾಡದೇವದ ತಲ್ಮಕಿವಾಡಿಗೆ ನಡೆದೆ. ಕೆನರಾ ಸಾರಸ್ವತ ಅಸೋಸಿಯೇಷನ್ನಿನ ಕಚೇರಿ ಇರುವ ವಾಡಿ ಅದು. ದೊಡ್ಡ ಅಂಗಳ, ಸುತ್ತ ಕಟ್ಟಡ, ಅಂಗಳದಲ್ಲಿ ಚೆಂಡಾಡುವ ಹುಡುಗರು. ಒಂದು ಮೆಟ್ಟಿಲಿನ ಕೆಳಗೆ ಹೆಸರುಗಳ ಫಲಕ. ಸಾರಸ್ವತರಲ್ಲಿ ಅನೇಕರಿಗೆ ಊರಿನ ಹೆಸರೇ ಮನೆತನದ ಹೆಸರು. ಕಾರ್ನಾಡ, ಬೆನೆಗಲ್, ಕಲ್ಯಾಣಪುರ, ಪಡುಕೋಣೆ. ಪಡುಕೋಣೆ ನಮ್ಮೂರಿನಿಂದ ಹೊಳೆ ದಾಟಿದರೆ ಸಿಗುತ್ತದೆ. ಚಿಕ್ಕಂದಿನಲ್ಲಿ ದೋಣಿಯಲ್ಲಿ ಹೋಗಿ ಬಂದ ಊರು. ಎಂಟು ನೂರು ಕಿಲೋಮೀಟರ್ ಆಚೆ, ತಾಡದೇವದ ಒಂದು ಮೆಟ್ಟಿಲ ಕೆಳಗೆ ಆ ಹೆಸರು ಓದಿದಾಗ ನಿಂತಲ್ಲೇ ನಿಂತುಬಿಟ್ಟೆ. ಊರಿನಲ್ಲಿ ಭೂಮಿ ಬಿಟ್ಟು ಬಂದವರು ಊರಿನ ಹೆಸರನ್ನು ಬಿಡದೆ ತಂದು, ಕೂಡಿ ಕಟ್ಟಿದ ಮನೆಯ ಬಾಗಿಲಿಗೆ ಬರೆದುಕೊಂಡಿದ್ದಾರೆ. ನಮ್ಮ ಅಣ್ಣನಂಥವರಿಗೂ ಯಾರಾದರೂ ಒಬ್ಬ ತಲ್ಮಕಿ ಇದ್ದಿದ್ದರೆ ಎಂದು ಅನ್ನಿಸಿ ಗಂಟಲು ಕಟ್ಟಿತು.

ಲಾಲ್‌ಬಾಗ್, ಪರೇಲ್ ಕಡೆ ಹೆಚ್ಚು ಹೊತ್ತು ನಿಲ್ಲಲಿಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಸತ್ತ ನೆಲ ಅದು. ಗಿರಣಿಯ ಚಿಮಣಿ ಇದ್ದಲ್ಲಿ ಈಗ ನಲವತ್ತು, ಐವತ್ತು ಅಂತಸ್ತಿನ ಗೋಪುರ. ಅವುಗಳ ನೆರಳಿನಲ್ಲಿ ಚಾಳುಗಳ ಉದ್ದನೆಯ ಜಗಲಿ, ಒಣಗಲು ಹಾಕಿದ ಬಟ್ಟೆ, ಸಾಲಾಗಿಟ್ಟ ನೀರಿನ ಡ್ರಮ್ಮು. ಅಲ್ಲಿ ದುಡಿದವನ ಮಗ ಅಲ್ಲೇ ಮನೆ ಕೊಳ್ಳಲಾರ. ಮಗಳ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಬೆಲೆ ಮಾತ್ರ ನಮ್ಮ ಲೆಕ್ಕದ ನಾಲ್ಕು ಪಟ್ಟು.

ಅಲ್ಲಿಂದ ಮುಂದೆ ಭೂಪಟ ಬಿಟ್ಟು ರೈಲಿನ ನಕ್ಷೆ ಹಿಡಿದೆವು. ಮುಂಬಯಿಯಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಜನ ಹೇಳುವುದು ಊರಿನ ಹೆಸರಲ್ಲ, ಲೈನಿನ ಹೆಸರು. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್. ಒಬ್ಬರು ಪರೇಲ್, ಇನ್ನೊಬ್ಬರು ವಿಕ್ರೋಲಿ ಎಂದ ಮೇಲೆ ನಮ್ಮದು ಸೆಂಟ್ರಲ್ ಲೈನೇ. ಬಾಂದ್ರಾದಲ್ಲಿ ಕಡಲೆದುರಿಗೆ ಕೂತು ಬರೆಯುತ್ತಿದ್ದ ಯಶವಂತ ಚಿತ್ತಾಲರ ಮನೆಯನ್ನು ದೂರದಿಂದಲಾದರೂ ನೋಡುವ ಆಸೆ ಇತ್ತು. ಅದು ವೆಸ್ಟರ್ನ್ ಲೈನಾದ್ದರಿಂದ ಆ ಸಲ ಆಗಲಿಲ್ಲ.

ಕುರ್ಲಾ ನಕ್ಷೆಯಲ್ಲಿ ಎಲ್ಲದಕ್ಕೂ ಹತ್ತಿರ. ಸೆಂಟ್ರಲ್, ಹಾರ್ಬರ್ ಎರಡೂ ಕೂಡುವ ನಿಲ್ದಾಣ. ಪಶ್ಚಿಮಕ್ಕೆ, ಕಲೀನಾದ ಕಡೆ ಹೋಗುವ ದಾರಿಯಲ್ಲಿ ನೆಲಮಹಡಿಯ ಒಂದು ಮನೆ ಅನುಮಾನ ಬರುವಷ್ಟು ಅಗ್ಗವಾಗಿತ್ತು. ಒಳಗೆ ಹೊಸ ಬಣ್ಣ, ಹೊಸ ಟೈಲ್ಸ್. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ನಾನು ಮನೆ ಬಿಟ್ಟು ಕಟ್ಟಡದ ಹಿಂಬದಿಗೆ ಹೋದೆ. ಮೀಟರ್ ಪೆಟ್ಟಿಗೆಗಳೆಲ್ಲ ಮೊದಲ ಮಹಡಿಯ ಎತ್ತರಕ್ಕೆ ಏರಿ ಕೂತಿದ್ದವು. ಅವುಗಳ ಹಳೆಯ ಜಾಗದ ಗುರುತು ಕೆಳಗೆ ಗೋಡೆಯಲ್ಲಿತ್ತು. ಅದಕ್ಕಿಂತ ಮೇಲೆ, ನನ್ನ ಭುಜದ ಮಟ್ಟಕ್ಕೆ ಬಣ್ಣದಡಿಯಲ್ಲಿ ಒಂದು ಕಂದು ಗೆರೆ ಕಟ್ಟಡದ ಉದ್ದಕ್ಕೂ ಹರಿದಿತ್ತು. ಅಲ್ಲೇ ನಿಂತಿದ್ದ ಇಸ್ತ್ರಿಯವನನ್ನು ಕೇಳಿದೆ. ಆತ ಕೈ ತನ್ನ ಕುತ್ತಿಗೆಯವರೆಗೆ ಎತ್ತಿ ತೋರಿಸಿ, "ಛಬ್ಬೀಸ್ ಜುಲೈ" ಎಂದ. ವರ್ಷ ಹೇಳಲಿಲ್ಲ. ಮುಂಬಯಿಯಲ್ಲಿ ವರ್ಷ ಹೇಳಬೇಕಾಗಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಕುಂದಾಪುರದಲ್ಲಿ ಜುಲೈ ತಿಂಗಳು ಪೂರ್ತಿ ಸುರಿಯುವ ನೀರಿನ ಬಹುಭಾಗ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಂತೆಂದು ಇಟ್ಟುಕೊಳ್ಳಿ. ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು ಹೊತ್ತು ಮಾಹಿಮ್‌ನಲ್ಲಿ ಕಡಲು ಸೇರುವ ಮೀಠಿ ನದಿಯ ಎರಡು ದಡವನ್ನೂ ಊರು ಒತ್ತಿಕೊಂಡಿತ್ತು. ಅದರ ಮೇಲೆ ಕಡಲಿನ ಭರತ. ನೀರು ಹೋಗಲು ದಾರಿ ಕಾಣದೆ ಮನೆಗಳಿಗೆ ನುಗ್ಗಿತು. ನದಿ ದಡದ ಜೋಪಡಿಗಳಲ್ಲಿದ್ದವರ ಪಾಡು ಕೇಳುವುದೇ ಬೇಡ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿ ಕೊಳೆಗೇರಿ ವಾಸಿಗಳು. ಮನೆ ಆರಿಸುವ ಭಾಗ್ಯವೇ ಇಲ್ಲದವರು ಅಷ್ಟು ಜನ. ನಮಗೆ ಗೆರೆ ನೋಡಿ ಹಿಂತಿರುಗುವ ಅವಕಾಶವಾದರೂ ಇತ್ತು. ಏಜೆಂಟ್ ಆ ಗೆರೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಅವತ್ತೇ ಅವನನ್ನು ಬಿಟ್ಟೆವು.

ಡೊಂಬಿವಲಿಗೆ ಹೋದದ್ದು ಸೋಮವಾರ ಬೆಳಿಗ್ಗೆ ಏಳೂವರೆಗೆ, ಬೇಕೆಂದೇ. ಅಲ್ಲಿ ಕನ್ನಡದ ಜನ ಬಹಳ, ಕರ್ನಾಟಕ ಸಂಘವಿದೆ, ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ. ನಮ್ಮ ದುಡ್ಡಿಗೆ ಎರಡು ಮಲಗುವ ಕೋಣೆಯ ಹೊಸ ಮನೆ, ಲಿಫ್ಟು, ಎದುರಿಗೆ ಹಸಿರು ಗುಡ್ಡ. ಅಳಿಯನಿಗೆ ಮನಸ್ಸಾಗಿತ್ತು. ನನಗೂ ಮನೆ ಹಿಡಿಸಿತು. ಆದರೆ ಮನೆ ನೋಡಿಯಾದ ಮೇಲೆ ನಾವು ಮೂವರೂ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ಫಾಸ್ಟ್ ಲೋಕಲ್ ಬಂತು. ಅದು ನಿಲ್ಲುವ ಮೊದಲೇ ಜನ ಹಾರಿ ಹತ್ತಿದರು. ಬಾಗಿಲಿನಲ್ಲಿ ಒಂದು ಕೈ, ಒಂದು ಕಾಲಿಗೆ ಜಾಗ ಸಿಕ್ಕವರು ಉಳಿದ ಮೈಯನ್ನು ಹೊರಗೆ ಬಿಟ್ಟುಕೊಂಡೇ ಹೊರಟರು. ಮೂರು ಗಾಡಿ ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆವು. ಮಗಳು ಹೆಂಗಸರ ಡಬ್ಬಿಗೆ ಹೋದಳು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರು ಅರ್ಧ ಕೂತು ಅರ್ಧ ನಿಂತು ಹೋಗುವ 'ಫೋರ್ತ್ ಸೀಟ್' ಎಂಬ ಪದ್ಧತಿ ಇದೆ. ಅದೂ ಸಿಗದೆ ಅವಳು ಪರೇಲ್‌ವರೆಗೆ ನಿಂತೇ ಹೋದಳಂತೆ. ದಿನಾ ಹೋಗಿ ಬರಲು ಮೂರು ಗಂಟೆ. ಮಗು ಏಳುವ ಮೊದಲು ಹೊರಟು, ಮಲಗುವ ಹೊತ್ತಿಗೆ ಬರುವುದು. ಆ ಎರಡನೆಯ ಮಲಗುವ ಕೋಣೆಯ ಬೆಲೆಯನ್ನು ಕಟ್ಟುವವರು ಯಾರೆಂದು ನನಗೆ ಆವತ್ತು ಗೊತ್ತಾಯಿತು.

ನವಿ ಮುಂಬಯಿಯನ್ನೂ ನೋಡಿದೆವು, ನೇರೂಲ್, ಖಾರ್‌ಘರ್. 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆ ಅಳೆದು ತೂಗಿ ಕಟ್ಟಿದ ಊರು. ರಸ್ತೆ ಅಗಲ, ಉಸಿರಾಡಲು ಗಾಳಿ. ಇಬ್ಬರ ಕೆಲಸಕ್ಕೂ ಅದು ಸುತ್ತುದಾರಿಯಾದ್ದರಿಂದ ಮಾತು ಮುಂದುವರಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯದೆ ಇರಲಾರೆ. ಸೆಂಟ್ರಲ್ ಲೈನಿನಲ್ಲೇ ಒಂದು ಕಟ್ಟಡ. ಮೂರನೆಯ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ, ಶಾಲೆ ಹತ್ತಿರ, ಬೆಲೆ ನಮ್ಮ ಲೆಕ್ಕದೊಳಗೆ. ಹೊಸ ಏಜೆಂಟ್ ಮೆಟ್ಟಿಲು ಇಳಿಯುವಾಗ ಮೆಲ್ಲನೆ ಕೇಳಿದ, "ಆಪ್ ಲೋಗ್ ವೆಜ್ ಹೈ ನಾ?" ಮಗಳು ಇಲ್ಲ ಎಂದಳು. ಅವನ ಮುಖ ಇಳಿಯಿತು. ಈ ಸೊಸೈಟಿಯಲ್ಲಿ ಮೀನು ಮಾಂಸದವರನ್ನು ತೆಗೆದುಕೊಳ್ಳುವುದಿಲ್ಲ ಎಂದ. ಕಾಗದದಲ್ಲಿ ಎಲ್ಲೂ ಇಲ್ಲದ ನಿಯಮ. ಮಾಲೀಕನಿಗೆ ಮಾರುವ ಮನಸ್ಸಿದ್ದರೂ ಕಮಿಟಿಯವರು ಏನಾದರೊಂದು ನೆಪ ಹೇಳಿ ನಿಲ್ಲಿಸುತ್ತಾರಂತೆ. ಕಡಲ ದಂಡೆಯ ಊರು, ಕೋಲಿ ಸಮುದಾಯದ ಬೆಸ್ತರು ಬಲೆ ಬೀಸಿ ಬದುಕಿದ ನೆಲ. ಅಲ್ಲಿ ಮೀನು ತಿನ್ನುವವರಿಗೆ ಬಾಗಿಲಿಲ್ಲ ಎಂಬ ಮಾತು ಕೇಳಿ ನನಗೆ ಮಾತೇ ಹೊರಡಲಿಲ್ಲ.

ಸಂಜೆ ಮಗಳು ಹೇಳಿದಳು: "ನಮ್ಗ್ ಒಂದ್ ಮನಿ ತಪ್ಪಿತ್ ಅಪ್ಪಯ್ಯ. ನಮ್ ಲ್ಯಾಬಂಗ್ ಒಬ್ಳ್ ಇತ್ತ್, ಅವ್ಳಿಗ್ ಹೆಸ್ರ್ ಹೇಳ್ದ್ ಕೂಡ್ಲೆ ಮನಿ ಇಲ್ಲ ಅಂತ್ರ್." ಸಹೋದ್ಯೋಗಿ ಮುಸ್ಲಿಂ ಹುಡುಗಿ. ನಾಲ್ಕು ವರ್ಷದಿಂದ ಹುಡುಕುತ್ತಿದ್ದಾಳೆ, ಕೈಯಲ್ಲಿ ದುಡ್ಡಿದೆ, ಸಾಲ ಮಂಜೂರಾಗಿದೆ. ಕೊನೆಗೆ ಎಲ್ಲರೂ ಮುಂಬ್ರಾದ ಕಡೆ ಕೈ ತೋರಿಸುತ್ತಾರೆ. 1992-93ರ ಗಲಭೆಯ ಬಳಿಕ ಊರಿನ ನಾನಾ ಕಡೆಯಿಂದ ಹೆದರಿ ಹೊರಟವರು ಸೇರಿ ತುಂಬಿದ ಜಾಗ ಅದು. ಅವಳು ಹುಟ್ಟಿ ಬೆಳೆದದ್ದು ಇದೇ ಮುಂಬಯಿಯ ಭಾಯಖಳಾದಲ್ಲಿ.

ಆ ರಾತ್ರಿ ತಲ್ಮಕಿವಾಡಿಯ ಫಲಕ ಮತ್ತೆ ಕಣ್ಣೆದುರು ಬಂತು. ನಾನು ಹೆಮ್ಮೆಪಟ್ಟ ಆ ಸಂಘವೂ ಒಂದು ಸಮುದಾಯದ್ದೇ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಗೃಹ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮವರಿಗಷ್ಟೇ ಇಟ್ಟುಕೊಳ್ಳುವ ಉಪವಿಧಿಯನ್ನು ಎತ್ತಿಹಿಡಿದಿತ್ತು. ಆಗ ಬ್ಯಾಂಕಿನಲ್ಲಿ ಆ ಸುದ್ದಿ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಬಾಗಿಲು ಮುಚ್ಚಿದ ಊರಿನಲ್ಲಿ ತಮ್ಮವರಿಗೆ ತಲೆ ಮೇಲೊಂದು ಮಾಡು ಕಟ್ಟಿಕೊಂಡದ್ದು ಒಂದು. ಮಾಡು ಸಿಕ್ಕ ಮೇಲೆ ಹಿಂದೆ ಬಂದವರ ಮುಖಕ್ಕೆ ಬಾಗಿಲು ಹಾಕುವುದು ಬೇರೆಯೇ ಒಂದು. ಮೊದಲಿನದಕ್ಕೆ ಕೈಮುಗಿಯುತ್ತೇನೆ. ಎರಡನೆಯದು ಅನ್ಯಾಯ, ಯಾವ ಕೋರ್ಟು ಏನೇ ಹೇಳಲಿ.

ಒಂಬತ್ತನೆಯ ದಿನ ಮುಲುಂಡ್ ಪೂರ್ವ. ಬೃಹನ್ಮುಂಬಯಿ ಪಾಲಿಕೆಯ ಗಡಿ ಅಲ್ಲಿಗೆ ಮುಗಿಯುತ್ತದೆ, ಮುಂದಿನ ನಿಲ್ದಾಣ ಠಾಣೆ. ನಾಲ್ಕು ಅಂತಸ್ತಿನ, ಲಿಫ್ಟಿಲ್ಲದ ಹಳೆಯ ಕಟ್ಟಡ, ಮೂವತ್ತೆರಡು ಮನೆ. ನಮಗೆ ತೋರಿಸಿದ್ದು ಎರಡನೆಯ ಮಹಡಿ. ಆರುನೂರು ಚದರಡಿ ಎಂದ ಏಜೆಂಟ್. ನಾನು ಟೇಪು ತೆಗೆದೆ. ಒಂದು ತುದಿ ಮೊಮ್ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಗೋಡೆಯಿಂದ ಗೋಡೆಗೆ ಅಳೆದು ಕೂಡಿಸಿದರೆ 395. ಉಳಿದದ್ದು ಮೆಟ್ಟಿಲು, ಹೊರಗೋಡೆ ಮತ್ತು ಬಾಯಿಮಾತು. 2016ರ ರೇರಾ ಕಾಯ್ದೆ ಬಂದ ಮೇಲೆ ಬಿಲ್ಡರುಗಳು ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಮಾರಬೇಕು. ಕೈಬದಲಾಗುವ ಹಳೆಯ ಮನೆಗಳಲ್ಲಿ ಮಾತ್ರ ಹಳೆಯ ಲೆಕ್ಕ ಇನ್ನೂ ಓಡಾಡುತ್ತದೆ. ನೀವು ಎಲ್ಲೇ ಮನೆ ನೋಡಿ, ಟೇಪು ಜೊತೆಗಿರಲಿ.

ಸೊಸೈಟಿಯ ಕಾರ್ಯದರ್ಶಿ ಕೆಳಮನೆಯ ಮರಾಠಿ ಹೆಂಗಸು, ಪಾಲಿಕೆ ಶಾಲೆಯ ನಿವೃತ್ತ ಶಿಕ್ಷಕಿ. ಬಾಗಿಲು ತೆರೆದದ್ದೇ ಬೊಂಬಿಲ್ ಮೀನು ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಮಗಳು ನನ್ನ ಮುಖ ನೋಡಿ ನಕ್ಕಳು. ಕಡತ ನೋಡಬಹುದೇ ಎಂದು ಕೇಳಿದ್ದಕ್ಕೆ ಆಕೆ ಬೇಸರಿಸಲಿಲ್ಲ. ಕಪಾಟಿನಿಂದ ಕೆಂಪು ದಾರ ಕಟ್ಟಿದ ನಾಲ್ಕು ಕಟ್ಟು ತಂದಿಟ್ಟು, "ಬಸಾ, ಚಹಾ ಕರತೇ" ಎಂದು ಒಳಗೆ ಹೋದರು.

ಎರಡು ಗಂಟೆ ಓದಿದೆ. ಪಾಲಿಕೆ ಕೊಟ್ಟ ವಾಸಯೋಗ್ಯ ಪತ್ರ, ಅಂದರೆ ಓಸಿ, ಇತ್ತು. ಮುಂಬಯಿಯಲ್ಲಿ ಅದಿಲ್ಲದೆ ದಶಕಗಟ್ಟಲೆ ಜನ ವಾಸಿಸುವ ಕಟ್ಟಡಗಳಿವೆ, ಅಲ್ಲಿ ನೀರಿನ ದರವೂ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಕನ್ವೇಯನ್ಸ್. 1963ರ ಮಹಾರಾಷ್ಟ್ರ ಫ್ಲ್ಯಾಟ್ ಕಾಯ್ದೆಯಂತೆ ಬಿಲ್ಡರು ಕಟ್ಟಡದ ಕೆಳಗಿನ ನೆಲವನ್ನು ಸೊಸೈಟಿಗೆ ಬರೆದುಕೊಡಬೇಕು. ಎಷ್ಟೋ ಕಡೆ ಬರೆದುಕೊಟ್ಟಿಲ್ಲ. ಜನ ಮನೆ ಕೊಂಡು ಮುಪ್ಪಾದರೂ ನೆಲ ಇನ್ನೂ ಬಿಲ್ಡರನದ್ದೇ. ನಾಳೆ ಕಟ್ಟಡ ಕೆಡವಿ ಕಟ್ಟುವ ಮಾತು ಬಂದಾಗ ಆ ಒಂದು ಕಾಗದದ ಮೇಲೆ ಎಲ್ಲ ನಿಂತಿರುತ್ತದೆ. ಇಲ್ಲಿ ನೆಲ ಸೊಸೈಟಿಯ ಹೆಸರಿನಲ್ಲಿತ್ತು. ಪ್ರಾಪರ್ಟಿ ಕಾರ್ಡಿನಲ್ಲಿ, ಅಂದರೆ ಇಲ್ಲಿಯ ಪಹಣಿಯಲ್ಲಿ, ದಾಖಲೂ ಆಗಿತ್ತು. ಲೆಕ್ಕ ಪರಿಶೋಧನೆ ಪ್ರತಿವರ್ಷದ್ದು, ಕಟ್ಟಡದ ದೃಢತೆಯ ಪರೀಕ್ಷೆ ಮಾಡಿಸಿದ ವರದಿ, ದುರಸ್ತಿಗೆ ಕೂಡಿಸಿಟ್ಟ ನಿಧಿ. ಮಹಾಸಭೆಯ ನಡಾವಳಿಯಲ್ಲಿ ಒಂದು ಪುಟ ಓದಿ ಅಲ್ಲೇ ಬೆರಳಿಟ್ಟುಕೊಂಡೆ. ಮೇಲಿನ ಮಹಡಿಯ ಒಬ್ಬ ವಿಧವೆ ಎರಡು ವರ್ಷ ಮೇಂಟೆನೆನ್ಸ್ ಕಟ್ಟಲಾಗದೆ ಇದ್ದಾಗ, ಬಡ್ಡಿ ಬಿಟ್ಟು ಕಂತಿನಲ್ಲಿ ಪಡೆಯಲು ಎಲ್ಲರೂ ಒಪ್ಪಿದ್ದರು. ನಾನು ಮನೆ ಒಪ್ಪಿದ್ದು ಆ ಪುಟದಲ್ಲಿ.

ನೀರಿನ ವಿಷಯ ಕೇಳಿದೆ. "ಪಾಣ್ಯಾಚಾ ತ್ರಾಸ ನಾಹೀ" ಎಂದರು ಆಕೆ. 2005ರಲ್ಲಿ ಅಂಗಳಕ್ಕೆ ಪಾದ ಮುಳುಗುವಷ್ಟು ಬಂದು ಇಳಿದಿತ್ತಂತೆ. ಹೊರಗೆ ಬಂದು ಗೋಡೆ ನೋಡಿದೆ. ಗೆರೆ ಇರಲಿಲ್ಲ.

ಚೌತಿ ಕಳೆದ ಮೇಲೆ ವ್ಯವಹಾರ ಮುಗಿಯಿತು. 1 ಕೋಟಿ 5 ಲಕ್ಷ. ಅದರಲ್ಲಿ ನನ್ನ ಗ್ರಾಚ್ಯುಟಿ ಸೇರಿದೆ, ಹೆಂಡತಿಯ ಎರಡು ಬಳೆ ಸೇರಿವೆ, ಮಗಳು ಅಳಿಯ ಇಪ್ಪತ್ತು ವರ್ಷ ತೀರಿಸಬೇಕಾದ ಸಾಲ ಸೇರಿದೆ. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇಕಡಾ 6, ಹೆಂಗಸಿನ ಹೆಸರಿನಲ್ಲಿ ಕೊಂಡರೆ ಶೇಕಡಾ 5. ಅಳಿಯನೇ ಮುಂದಾಗಿ, "ಮಾವ, ಅವಳ ಹೆಸರಿಗೇ ಆಗಲಿ" ಎಂದ. ಒಂದು ಲಕ್ಷ ಉಳಿಯುತ್ತದೆಂಬುದು ಕಾರಣವಾದರೂ, ಅವನು ಹೇಳಿದ ರೀತಿ ನನಗೆ ಇಷ್ಟವಾಯಿತು. ಸೊಸೈಟಿ ವರ್ಗಾವಣೆಗೆಂದು 25,000 ರೂಪಾಯಿ ತೆಗೆದುಕೊಂಡಿತು. ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಅದಕ್ಕೂ ರಸೀದಿ ಕೊಟ್ಟರು.

ಷೇರು ಸರ್ಟಿಫಿಕೇಟು ಕೈಗೆ ಬಂದದ್ದು ಡಿಸೆಂಬರಿನಲ್ಲಿ. ಹಳದಿಗಟ್ಟಿದ ಒಂದೇ ಹಾಳೆ. 50 ರೂಪಾಯಿಯ ಐದು ಷೇರು, ಒಟ್ಟು 250 ರೂಪಾಯಿ. ಮಗಳು ಅದರ ಫೋಟೋ ಕಳಿಸಿದಾಗ ಹೆಂಡತಿಗೆ ತೋರಿಸಿದೆ. "ಜಾಗದ ಪಟ್ಟೆ ಎಲ್ಲಿತ್ತ್?" ಎಂದು ಕೇಳಿದಳು. ಇದೇ ಎಂದೆ. ನಮ್ಮ ಲೆಕ್ಕದಲ್ಲಿ ಮನೆಯೆಂದರೆ ಅಡಿಪಾಯ, ಬಾವಿ, ತುಳಸಿಕಟ್ಟೆ, ನಾಲ್ಕು ತೆಂಗಿನಮರ. ಅಲ್ಲಿ ಮನೆಯೆಂದರೆ ಮೂವತ್ತೆರಡು ಜನರಲ್ಲಿ ಒಬ್ಬಳು ಎಂಬ ಈ ಹಾಳೆ. ಹಾಳೆಯ ಹಿಂಬದಿಯಲ್ಲಿ ಆ ಮನೆಗೆ ಹಿಂದೆ ಸದಸ್ಯರಾಗಿದ್ದವರ ಹೆಸರು, ದಿನಾಂಕ ಸಾಲಾಗಿವೆ. ಒಬ್ಬರು ಗುಜರಾತಿ, ಒಬ್ಬರು ಕೊಂಕಣದವರು, ಒಬ್ಬರು ಕೇರಳದವರು. ನಾಲ್ಕನೆಯ ಸಾಲಿನಲ್ಲಿ ಮಗಳ ಹೆಸರು, ಕಾರ್ಯದರ್ಶಿಯವರ ಉರುಟು ಅಕ್ಷರದಲ್ಲಿ. ಮನೆದೇವರ ಫೋಟೋಗೆ ಮೊಳೆ ಹೊಡೆದಾಗಿದೆ. ಮೊಮ್ಮಗನ ರಟ್ಟಿನ ಪೆಟ್ಟಿಗೆ ರದ್ದಿಗೆ ಹೋಯಿತು.

ಮೊನ್ನೆ ಮಗಳು ಫೋನು ಮಾಡಿದ್ದಳು. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಮನೆ ಮಾರಾಟಕ್ಕಿದೆ. ಲ್ಯಾಬಿನ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ ತೋರಿಸಿದ್ದಾಳೆ. ಕಾರ್ಯದರ್ಶಿ ಅವಳಿಗೂ ಚಹಾ ಕೊಟ್ಟು, ಅದೇ ನಾಲ್ಕು ಕಟ್ಟು ಕಡತ ಮುಂದಿಟ್ಟರಂತೆ. ಒಂದಿಬ್ಬರು ಸದಸ್ಯರು ಗುಸುಗುಸು ಎನ್ನುತ್ತಿದ್ದಾರೆ. ಅರ್ಜಿ ಮುಂದಿನ ತಿಂಗಳ ಸಭೆಗೆ ಬರುತ್ತದೆ. ಮಗಳು ರಜೆ ಹಾಕಿ ಆ ಸಭೆಗೆ ಹೋಗುತ್ತಾಳೆ.